ಈ ಪ್ರಾಣಿಗೆ ಹೊಣೆ ಯಾರು? ಬೆಂಗಳೂರಿನ ಸಾಕಣೆ ನಿಯಮಗಳನ್ನು ಕುರಿತು



ನಗರದಲ್ಲಿ ಪ್ರಾಣಿಗಳನ್ನು ಸಾಕುವುದಕ್ಕೆ ಇರುವ ಸ್ಥಳೀಯ ನಿಯಮಗಳು ಇಂದಿನ ನನ್ನ ವಿಷಯ. ದತ್ತಿ ಉಪನ್ಯಾಸದ ವೇದಿಕೆಗೆ ಇದು ಸಣ್ಣದಾಯಿತೆಂದು ಕೆಲವರಿಗೆ ಅನ್ನಿಸಬಹುದು. ಅಂಥವರಿಗೆ ಒಂದು ಹಳೆಯ ದತ್ತಿಯನ್ನು ನೆನಪಿಸುತ್ತೇನೆ. ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ, ಮದ್ದೂರು ತಾಲ್ಲೂಕಿನ ಆತಕೂರಿನಿಂದ ತಂದ ಹತ್ತನೆಯ ಶತಮಾನದ ಕಲ್ಲೊಂದಿದೆ. ತಕ್ಕೋಲದ ಯುದ್ಧದ ಕಾಲದ ವೀರ ಮಣಲೆರ, ಒಡೆಯ ಮೆಚ್ಚಿ ಏನು ಬೇಕೆಂದು ಕೇಳಿದಾಗ ಬೇಡಿದ್ದು ಕಾಳಿ ಎಂಬ ನಾಯಿಯನ್ನು. ಮುಂದೆ ಆ ನಾಯಿ ಒಂದು ದೊಡ್ಡ ಹಂದಿಯೊಡನೆ ಕಾದಾಡಿತು, ಎರಡೂ ಸತ್ತವು. ಮಣಲೆರ ಕಾಳಿಯ ನೆನಪಿಗೆ ಕಲ್ಲು ನಿಲ್ಲಿಸಿ, ಭೂಮಿಯನ್ನು ದತ್ತಿ ಬಿಟ್ಟ. ತಾನು ಕೇಳಿ ಪಡೆದ ಪ್ರಾಣಿಯ ಹೊಣೆಯನ್ನು ಅದು ಸತ್ತ ಮೇಲೂ ಹೊತ್ತ ಮನುಷ್ಯನ ಹೆಸರು ಆ ಕಲ್ಲಿನಲ್ಲಿದೆ.

ನಮ್ಮ ನಗರದ ನಿಯಮಗಳಲ್ಲಿ ನಾನು ಹುಡುಕುವುದೂ ಅದನ್ನೇ. ಈ ಪ್ರಾಣಿಗೆ ಹೊಣೆ ಯಾರು? ಎಷ್ಟು ಪ್ರಾಣಿ ಸಾಕಬಹುದು, ಯಾವ ತಳಿ ಸಾಕಬಹುದು, ಎಲ್ಲಿ ಸಾಕಬಾರದು ಎಂಬ ಪ್ರಶ್ನೆಗಳಿಗೆ ನಮ್ಮ ಆಡಳಿತ ಮತ್ತೆ ಮತ್ತೆ ಉತ್ತರ ಬರೆದಿದೆ, ಅಳಿಸಿದೆ. ಮೊದಲು ಕೇಳಬೇಕಾದ ಪ್ರಶ್ನೆಯನ್ನು ಮಾತ್ರ ಸರಿಯಾಗಿ ಕೇಳಿಲ್ಲ ಎಂಬುದು ನನ್ನ ವಾದ. ವೃತ್ತಿಯಿಂದ ನಾನು ಪಶುವೈದ್ಯ. ಕಾನೂನನ್ನು ಓದಿದ್ದು ವೃತ್ತಿಯ ಅಗತ್ಯಕ್ಕೆ. ಆದ್ದರಿಂದ ಕಾನೂನಿನ ಸೂಕ್ಷ್ಮಗಳಿಗಿಂತ ಅದು ಮನೆಯಲ್ಲಿ, ಕೊಟ್ಟಿಗೆಯಲ್ಲಿ, ಬೀದಿಯಲ್ಲಿ ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದರ ಕಡೆಗೇ ನನ್ನ ಗಮನ.

ಮೊದಲಿಗೆ ಈ ನಿಯಮಗಳು ಎಲ್ಲಿಂದ ಬಂದವು ಎಂಬುದನ್ನು ಚುಟುಕಾಗಿ ನೋಡೋಣ. ಆಮೇಲೆ ಮನೆಯ ನಾಯಿ, ಅನಂತರ ಬೀದಿಯ ನಾಯಿ. ಕೊನೆಗೆ, ನಾವು ನಗರದವರು ಮರೆತೇಬಿಟ್ಟಿರುವ ಇತರ ಪ್ರಾಣಿಗಳು: ದನ, ಹಂದಿ, ಕುದುರೆ, ಪಂಜರದ ಗಿಣಿ.

ಬೆಂಗಳೂರಿಗೆ ಪುರಸಭೆ ಬಂದದ್ದು 1862ರಲ್ಲಿ. ಪೇಟೆಗೆ ಒಂದು, ದಂಡು ಪ್ರದೇಶಕ್ಕೆ ಒಂದು. ಅವೆರಡನ್ನೂ ಸೇರಿಸಿ ಒಂದೇ ನಗರಪಾಲಿಕೆ ಮಾಡಿದ್ದು 1949ರಲ್ಲಿ. ನಡುವೆ 1898ರಲ್ಲಿ ಪ್ಲೇಗು ಬಂತು. ಇಲಿ ಬಿದ್ದ ಮನೆಯನ್ನು ಬಿಟ್ಟು ಜನ ಊರಾಚೆಯ ಗುಡಿಸಲಿಗೆ ಓಡಿದ ಆ ವರ್ಷ ಈ ಊರಿನ ಆಡಳಿತದ ಮನಸ್ಸನ್ನೇ ಬದಲಿಸಿತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರತರುವುದು ಆಡಳಿತಕ್ಕೆ ತುರ್ತಾಯಿತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಬೆಳೆದವು. ಪ್ರಾಣಿ ಎಂದರೆ ರೋಗದ ಮೂಲ, ಗಲೀಜಿನ ಮೂಲ ಎಂಬ ನೋಟ ಪುರಸಭೆಯ ಕಾನೂನುಗಳಲ್ಲಿ ಬೇರು ಬಿಟ್ಟದ್ದು ಇಂಥ ಕಾಲದಲ್ಲಿ. ಆ ಭಯ ಸುಳ್ಳಾಗಿರಲಿಲ್ಲ. 1976ರ ಕರ್ನಾಟಕ ಪೌರನಿಗಮಗಳ ಅಧಿನಿಯಮದವರೆಗೂ ನಗರದ ಕಾನೂನಿನ ಕಣ್ಣಿಗೆ ಪ್ರಾಣಿ ಮುಖ್ಯವಾಗಿ ಒಂದು ಉಪದ್ರವ. ನೆರೆಯವರಿಗೆ ತೊಂದರೆಯಾಗದಂತೆ ಅದನ್ನು ಇಟ್ಟುಕೊಳ್ಳಬೇಕು. ಇಲ್ಲದಿದ್ದರೆ ಪಾಲಿಕೆ ಹಿಡಿದು ಸಾಗಿಸಬಹುದು.

ಇದಕ್ಕೆ ಎದುರು ದಿಕ್ಕಿನಿಂದ ಬಂದ ಕಾನೂನು ಇನ್ನೊಂದಿದೆ. ನೃತ್ಯ ಕಲಾವಿದೆ ರುಕ್ಮಿಣಿದೇವಿ ಅರುಂಡೇಲ್ ರಾಜ್ಯಸಭೆಯ ಸದಸ್ಯರಾಗಿದ್ದಾಗ ಪ್ರಾಣಿ ಹಿಂಸೆಯನ್ನು ತಡೆಯಲು ಒಂದು ಖಾಸಗಿ ಮಸೂದೆ ತಂದರು. ಅದರ ಫಲವಾಗಿ 1960ರ ಪ್ರಾಣಿ ಹಿಂಸೆ ತಡೆ ಕಾಯಿದೆ ಹುಟ್ಟಿತು. ಅದರಡಿ ಬಂದ ಪ್ರಾಣಿ ಕಲ್ಯಾಣ ಮಂಡಳಿಗೆ ಅವರೇ ಮೊದಲ ಅಧ್ಯಕ್ಷೆಯಾದರು. ಆ ಕಾಯಿದೆಯ 3ನೆಯ ಸೆಕ್ಷನ್ ಚಿಕ್ಕದು. ಯಾರ ವಶದಲ್ಲಿ ಪ್ರಾಣಿ ಇದೆಯೋ ಅವರು ಅದರ ಯೋಗಕ್ಷೇಮಕ್ಕೆ ಬೇಕಾದ ಎಲ್ಲ ಕ್ರಮಗಳನ್ನೂ ಕೈಗೊಳ್ಳಬೇಕು, ಅನಗತ್ಯ ನೋವಾಗದಂತೆ ನೋಡಿಕೊಳ್ಳಬೇಕು. ನನ್ನ ಇಡೀ ಉಪನ್ಯಾಸ ಈ ಒಂದು ಸೆಕ್ಷನ್ನಿನ ಮೇಲೆ ನಿಂತಿದೆ ಎಂದರೂ ತಪ್ಪಿಲ್ಲ. ನೆರೆಯವರ ನೆಮ್ಮದಿಯನ್ನು ಕಾಯುವುದು ಪಾಲಿಕೆಯ ಕಾನೂನು, ಪ್ರಾಣಿಯ ನೆಮ್ಮದಿಯನ್ನು ಕಾಯುವುದು ಕೇಂದ್ರದ ಕಾನೂನು. ಎರಡೂ ನ್ಯಾಯವೇ. ಇವೆರಡನ್ನೂ ಒಂದೇ ಹಾಳೆಯಲ್ಲಿ ಹೊಂದಿಸಿ ಬರೆಯಬೇಕಾದದ್ದು ಸ್ಥಳೀಯ ಉಪವಿಧಿ, ನಾವು ಬೈಲಾ ಎನ್ನುವ ನಿಯಮ. ಅದು ಇನ್ನೂ ಸರಿಯಾಗಿ ಆಗಿಲ್ಲ.

ಇನ್ನು ಮನೆಯ ನಾಯಿಯ ವಿಷಯಕ್ಕೆ ಬರುತ್ತೇನೆ.

2018ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸಾಕುನಾಯಿಗಳ ಪರವಾನಗಿಗೆ ಹೊಸ ಉಪವಿಧಿಯನ್ನು ಪ್ರಕಟಿಸಿತು. ಫ್ಲಾಟಿನಲ್ಲಿ ಒಂದು ನಾಯಿ, ಸ್ವತಂತ್ರ ಮನೆಯಲ್ಲಿ ಮೂರು. ಫ್ಲಾಟಿನವರು ಯಾವ ತಳಿಗಳನ್ನು ಸಾಕಬಹುದು ಎಂಬುದಕ್ಕೂ ಪಟ್ಟಿ ಇತ್ತು. ಊರಿಗೆ ಊರೇ ಮಾತಾಡಿತು. ಎರಡು ಮೂರು ನಾಯಿ ಇದ್ದವರು ಯಾವುದನ್ನು ಇಟ್ಟುಕೊಳ್ಳಲಿ, ಯಾವುದನ್ನು ಬಿಡಲಿ ಎಂದು ಕೇಳಿದರು. ಬೀದಿಯಿಂದ ತಂದು ಸಾಕಿದ ನಾಡನಾಯಿಗೆ ತಳಿಯ ಪಟ್ಟಿಯಲ್ಲಿ ಜಾಗವೆಲ್ಲಿ ಎಂದು ಕೇಳಿದರು. ಪ್ರತಿಭಟನೆ ಬಲವಾಯಿತು, ಉಪವಿಧಿಯನ್ನು ತಡೆಹಿಡಿಯಲಾಯಿತು.

ಆ ನಿಯಮ ಬಿದ್ದುದಕ್ಕೆ ನನಗೆ ಅರ್ಧ ಸಂತೋಷ, ಅರ್ಧ ದುಃಖ. ಸಂಖ್ಯೆಯ ಮಿತಿ ಬಿದ್ದದ್ದು ಒಳ್ಳೆಯದಾಯಿತು. ಒಂದೇ ನಾಯಿಯನ್ನು ಬಾಲ್ಕನಿಯ ಕಂಬಿಗೆ ಬಿಗಿದು ಬೆಳಗಿನಿಂದ ಸಂಜೆವರೆಗೆ ಬೊಗಳಿಸುವ ಮನೆಗಳಿವೆ. ನಾಲ್ಕು ನಾಯಿ ಸಾಕಿಯೂ ಪಕ್ಕದ ಮನೆಗೆ ಸದ್ದು ಕೇಳಿಸದಂತೆ ಬದುಕುವ ಮನೆಗಳೂ ಇವೆ. ಎಣಿಕೆಯಿಂದ ಇವೆರಡರ ವ್ಯತ್ಯಾಸ ತಿಳಿಯುವುದಿಲ್ಲ. ದುಃಖ ಏಕೆಂದರೆ, ಸಂಖ್ಯೆಯ ಜೊತೆಗೆ ಪರವಾನಗಿ ಎಂಬ ಒಳ್ಳೆಯ ವಿಚಾರವೂ ಜನರ ಕಣ್ಣಲ್ಲಿ ಕೆಟ್ಟಿತು. ಪರವಾನಗಿ ಎಂದರೆ ಪಾಲಿಕೆಗೆ ಕಟ್ಟುವ ಇನ್ನೊಂದು ಶುಲ್ಕ, ಇನ್ನೊಂದು ಕಿರುಕುಳ ಎಂಬ ಭಾವನೆ ಅಂದಿನಿಂದ ಗಟ್ಟಿಯಾಯಿತು.

ಹಾಗಾದರೆ ಪರವಾನಗಿ ಏಕೆ ಬೇಕು? ಒಂದು ನಾಯಿ ಯಾರನ್ನೋ ಕಚ್ಚಿತು ಎಂದಿಟ್ಟುಕೊಳ್ಳಿ. ಕಚ್ಚಿಸಿಕೊಂಡವರು ಮೊದಲು ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆಯಬೇಕು, ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಇಷ್ಟು ಆದ ಮೇಲೆ ವೈದ್ಯರು ಕೇಳುವ ಪ್ರಶ್ನೆಗಳಲ್ಲಿ ಒಂದು, ಆ ನಾಯಿ ಯಾರದು, ಲಸಿಕೆ ಹಾಕಿಸಿದ್ದಾರೆಯೇ ಎಂಬುದು. ಲಸಿಕೆಯ ದಾಖಲೆ ಇರುವ, ಹತ್ತು ದಿನ ಕಣ್ಣಳತೆಯಲ್ಲಿ ಇಟ್ಟು ನೋಡಬಹುದಾದ ನಾಯಿಗೂ, ಎಲ್ಲಿಂದ ಬಂದು ಎಲ್ಲಿಗೆ ಹೋಯಿತೋ ಗೊತ್ತಿಲ್ಲದ ನಾಯಿಗೂ ಅಜಗಜಾಂತರ. ಕೊರಳಪಟ್ಟಿಯ ಬಿಲ್ಲೆ, ಚರ್ಮದಡಿಯ ಮೈಕ್ರೋಚಿಪ್, ಪಾಲಿಕೆಯ ಕಡತದಲ್ಲಿ ಒಂದು ಹೆಸರು, ಒಂದು ಫೋನ್ ಸಂಖ್ಯೆ. ಇವು ಇರುವುದು ಆ ಗಳಿಗೆಗೆ. ಗುಡುಗು, ಪಟಾಕಿಗೆ ಬೆದರಿ ಓಡಿಹೋದ ನಾಯಿಯನ್ನು ಮನೆಗೆ ತಲುಪಿಸುವುದೂ ಅದೇ ಬಿಲ್ಲೆ. ದೀಪಾವಳಿಯ ಮರುದಿನ ಇಂಥ ನಾಯಿಗಳು ಎಷ್ಟು ಬೀದಿಗಳಲ್ಲಿ ದಿಕ್ಕುಗೆಟ್ಟು ನಿಂತಿರುತ್ತವೆ ಎಂಬುದನ್ನು ನನ್ನ ವೃತ್ತಿಯವರೆಲ್ಲ ಬಲ್ಲರು.

ಇದಕ್ಕೆ ಹೊರನಾಡಿನ ಒಂದು ಉದಾಹರಣೆ ಕೊಡುತ್ತೇನೆ. ಕೆನಡಾದ ಕ್ಯಾಲ್ಗರಿ ನಗರ 2006ರಲ್ಲಿ ಹೊಣೆಯುತ ಸಾಕಣೆಯ ಹೆಸರಿನಲ್ಲೇ ಒಂದು ಉಪವಿಧಿ ಮಾಡಿತು. ತಳಿಯ ನಿಷೇಧ ಅದರಲ್ಲಿ ಇರಲಿಲ್ಲ. ನಾಯಿಗೂ ಬೆಕ್ಕಿಗೂ ಪರವಾನಗಿ ಕಡ್ಡಾಯ. ಸಂತಾನಹರಣ ಚಿಕಿತ್ಸೆ ಮಾಡಿಸಿದ ಪ್ರಾಣಿಗೆ ಶುಲ್ಕ ಕಡಿಮೆ. ಪರವಾನಗಿ ಇರುವ ಪ್ರಾಣಿ ತಪ್ಪಿಸಿಕೊಂಡು ಸಿಕ್ಕರೆ ನಗರದ ಸಿಬ್ಬಂದಿ ಅದನ್ನು ದೊಡ್ಡಿಗೆ ಒಯ್ಯುವ ಬದಲು ಮನೆಗೆ ತಲುಪಿಸುತ್ತಿದ್ದರು. ಶುಲ್ಕ ಕೊಟ್ಟದ್ದಕ್ಕೆ ತನಗೇನು ಸಿಕ್ಕಿತು ಎಂಬುದು ಸಾಕಿದವರ ಕಣ್ಣಿಗೆ ಕಾಣುತ್ತಿತ್ತು. ಜನ ತಾವಾಗಿ ಬಂದು ಹೆಸರು ಬರೆಸಿದರು. ನಮ್ಮ ಹವಾಮಾನ, ನಮ್ಮ ಬೀದಿ, ನಮ್ಮ ಖಜಾನೆ ಬೇರೆ, ಒಪ್ಪುತ್ತೇನೆ. ಆದರೂ ಕೊಡು ಕೊಳ್ಳುವ ಈ ಕ್ರಮ ಇಲ್ಲಿ ನಡೆಯದು ಎನ್ನಲು ಕಾರಣ ಕಾಣುವುದಿಲ್ಲ.

ಸಂಖ್ಯೆಯ ಮಿತಿ ಬಿದ್ದ ಮೇಲೆ ತಳಿಯ ನಿಷೇಧ ಬಂತು. 2024ರ ಮಾರ್ಚ್ 12ರಂದು ಕೇಂದ್ರ ಸರ್ಕಾರ ಪಿಟ್‌ಬುಲ್, ರಾಟ್‌ವೀಲರ್ ಮುಂತಾದ 23 ತಳಿಗಳನ್ನು ಅಪಾಯಕಾರಿ ಎಂದು ಹೆಸರಿಸಿ, ಅವುಗಳಿಗೆ ಪರವಾನಗಿ ಕೊಡಬೇಡಿ, ಮಾರಾಟಕ್ಕೆ ಬಿಡಬೇಡಿ ಎಂದು ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಒಂದು ತಿಂಗಳೊಳಗೆ, ಏಪ್ರಿಲ್ 10ರಂದು, ಕರ್ನಾಟಕ ಹೈಕೋರ್ಟ್ ಅದನ್ನು ರದ್ದುಮಾಡಿತು. ಸಂಬಂಧಪಟ್ಟವರ ಮಾತು ಕೇಳದೆ, ಕಾನೂನಿನ ಕ್ರಮ ಅನುಸರಿಸದೆ ಹೊರಡಿಸಿದ ಸುತ್ತೋಲೆ ನಿಲ್ಲುವುದಿಲ್ಲ ಎಂಬುದು ತೀರ್ಪಿನ ತಿರುಳು. ಈ ತಳಿಗಳ ದವಡೆಯ ಬಲ ಹೆಚ್ಚು, ಕಚ್ಚಿದರೆ ಗಾಯ ಆಳ, ನಿಜ. ಅವುಗಳನ್ನು ಅನುಭವವಿಲ್ಲದವರು ಸಾಕಬಾರದು ಎಂಬುದೂ ನನ್ನ ಅಭಿಪ್ರಾಯ. ಆದರೆ ಮರಿಯಿಂದಲೇ ಸರಪಳಿಯಲ್ಲಿಟ್ಟು, ಜನರನ್ನು ಕಾಣಿಸದೆ, ಹೊಡೆದು ರೊಚ್ಚಿಗೆಬ್ಬಿಸಿ ಬೆಳೆಸಿದರೆ ಯಾವ ತಳಿಯ ನಾಯಿಯೂ ಕಚ್ಚುತ್ತದೆ. ನಮ್ಮ ಮುಧೋಳ ನಾಯಿಯನ್ನೇ ನೋಡಿ. 2005ರಲ್ಲಿ ಅಂಚೆ ಚೀಟಿಯ ಗೌರವ ಪಡೆದ ತಳಿ ಅದು. ಬಯಲಿನಲ್ಲಿ ಮೊಲದ ಬೆನ್ನು ಹತ್ತಿ ಓಡಲು ಹುಟ್ಟಿದ ಮೈ. ಅದನ್ನು ಎರಡು ಕೋಣೆಯ ಮನೆಯಲ್ಲಿ ಕೂಡಿಹಾಕಿ, ಓಡಾಡಿಸದೆ, ಆಮೇಲೆ ಹುಚ್ಚು ನಾಯಿ ಎಂದು ದೂರುವವರಿದ್ದಾರೆ. ತಪ್ಪು ಯಾರದು?

1960ರ ಕಾಯಿದೆ ಈ ತಪ್ಪಿಗೆ ಹೆಸರು ಕೊಟ್ಟಿದೆ. ನಾಯಿಯನ್ನು ಸದಾ ಕಟ್ಟಿಹಾಕಿ ಓಡಾಡಿಸದಿರುವುದು, ಗಿಡ್ಡ ಸರಪಳಿಯಲ್ಲಿ ಹೊತ್ತುಗಟ್ಟಲೆ ಬಿಗಿಯುವುದು, ಅನ್ನ ನೀರು ನೆರಳು ಕೊಡದಿರುವುದು, ಕಾರಣವಿಲ್ಲದೆ ತೊರೆದುಹೋಗುವುದು, ಇವೆಲ್ಲವೂ 11ನೆಯ ಸೆಕ್ಷನ್ನಿನ ಪ್ರಕಾರ ಅಪರಾಧ. ದಂಡ ಎಷ್ಟು ಗೊತ್ತೇ? ಮೊದಲ ಸಲ ಕನಿಷ್ಠ 10 ರೂಪಾಯಿ, ಹೆಚ್ಚೆಂದರೆ 50. ಮನೆ ಬದಲಿಸುವಾಗ, ವಿದೇಶಕ್ಕೆ ಹೋಗುವಾಗ, ನಾಯಿಗೆ ವಯಸ್ಸಾಗಿ ಕಣ್ಣು ಮಂಜಾದಾಗ, ಕಾರಿನಲ್ಲಿ ತಂದು ಹೊರವರ್ತುಲ ರಸ್ತೆಯ ಬದಿಯಲ್ಲಿ ಇಳಿಸಿ ಹೋಗುವವರಿಗೆ ಆ ಕಾರಿನ ಒಂದು ಲೀಟರ್ ಪೆಟ್ರೋಲಿಗಿಂತ ಕಡಿಮೆ ದಂಡ. ಇಂಥ ನಾಯಿಗಳನ್ನು ನಾನು ಕಂಡಿದ್ದೇನೆ. ಮನೆಯಲ್ಲಿ ಬೆಳೆದ ಲ್ಯಾಬ್ರಡಾರಿಗೆ ಬೀದಿ ಗೊತ್ತಿಲ್ಲ. ಬಿಟ್ಟುಹೋದ ಜಾಗವನ್ನು ಕದಲದೆ, ಹೋಗುವ ಪ್ರತಿ ಕಾರಿನ ಹಿಂದೆ ನಾಲ್ಕು ಹೆಜ್ಜೆ ಹಾಕಿ ಮತ್ತೆ ಬಂದು ಕೂರುತ್ತದೆ. ಹೊಣೆ ಯಾರದೆಂದು ಬರೆದಿಟ್ಟ ಒಂದು ಚಿಪ್ ಅದರ ಚರ್ಮದಡಿ ಇದ್ದಿದ್ದರೆ ಬಿಟ್ಟುಹೋಗುವ ಮುನ್ನ ಆ ಮನುಷ್ಯ ಎರಡು ಸಲ ಯೋಚಿಸುತ್ತಿದ್ದ. ನೆರೆಯವರ ಕಡೆಯಿಂದ ನೋಡಿದರೆ ಕಾನೂನು ಇದಕ್ಕಿಂತ ಗಟ್ಟಿ. ತನ್ನ ಪ್ರಾಣಿಯಿಂದ ಬೇರೆಯವರ ಜೀವಕ್ಕೆ ಅಪಾಯವಾಗುವಂತೆ ಅಲಕ್ಷ್ಯ ಮಾಡಿದವರಿಗೆ ಭಾರತೀಯ ನ್ಯಾಯ ಸಂಹಿತೆಯ 291ನೆಯ ಸೆಕ್ಷನ್ ಆರು ತಿಂಗಳವರೆಗೆ ಸೆರೆ ಅಥವಾ 5,000 ರೂಪಾಯಿವರೆಗೆ ದಂಡ, ಅಥವಾ ಎರಡನ್ನೂ ವಿಧಿಸುತ್ತದೆ.

ಅಪಾರ್ಟ್‌ಮೆಂಟಿನ ಜಗಳದ ಬಗ್ಗೆ ಎರಡು ಮಾತು. ನಿವಾಸಿಗಳ ಸಂಘ ಬಹುಮತದಿಂದ ಠರಾವು ಮಾಡಿದರೂ ಸಾಕುಪ್ರಾಣಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟಿನಲ್ಲಿ ಬರಬೇಡಿ ಎನ್ನುವಂತಿಲ್ಲ ಎಂದು ಪ್ರಾಣಿ ಕಲ್ಯಾಣ ಮಂಡಳಿ 2015ರ ಮಾರ್ಗಸೂಚಿಯಲ್ಲಿ ಹೇಳಿದೆ. ಅದೇ ಮಾರ್ಗಸೂಚಿ ಸಾಕಿದವರಿಗೂ ಬುದ್ಧಿ ಹೇಳುತ್ತದೆ: ಹೊರಗೆ ಕರೆತಂದಾಗ ಹಗ್ಗ ಕೈಯಲ್ಲಿರಲಿ, ನಾಯಿ ಮಾಡಿದ ಹೊಲಸನ್ನು ತೆಗೆಯಿರಿ. ನಾಯಿ ಕಂಡರೆ ನಡುಗುವ ಮಗು, ಊರುಗೋಲು ಹಿಡಿದು ನಡೆಯುವ ಅಜ್ಜ ಲಿಫ್ಟಿನಲ್ಲಿದ್ದರೆ ಮುಂದಿನ ಸರದಿಗೆ ಕಾಯುವುದು ಯಾವ ಮಾರ್ಗಸೂಚಿಯೂ ಹೇಳಬೇಕಾಗಿಲ್ಲದ ಸೌಜನ್ಯ. ಈ ಜಗಳಗಳಲ್ಲಿ ನನ್ನನ್ನು ಮಧ್ಯಸ್ಥಿಕೆಗೆ ಕರೆದಾಗಲೆಲ್ಲ ನಾನು ಕಂಡದ್ದು ಇದು: ಕೂಗಾಡುವುದು ಹಕ್ಕಿನ ಬಗ್ಗೆ, ನಿಜವಾದ ಸಿಟ್ಟು ಮೆಟ್ಟಿಲ ಮೇಲಿನ ಹೊಲಸಿನ ಬಗ್ಗೆ. ಅದನ್ನು ತೆಗೆಯುವವರು ಯಾರೆಂದು ತೀರ್ಮಾನವಾದರೆ ಮುಕ್ಕಾಲು ಜಗಳ ಮುಗಿಯುತ್ತದೆ.

ಈಗ ಬೀದಿನಾಯಿಯ ಪ್ರಶ್ನೆಗೆ ಹೊರಳುತ್ತೇನೆ. ಇಲ್ಲಿ ಸ್ವಲ್ಪ ನಿಧಾನವಾಗಿ ನಡೆಯಬೇಕು. ಏಕೆಂದರೆ ಇಲ್ಲಿ ಮನುಷ್ಯರ ಜೀವ ಹೋಗಿದೆ.

2007ರ ಆರಂಭದ ತಿಂಗಳುಗಳಲ್ಲಿ ಈ ಊರಿನಲ್ಲಿ ಇಬ್ಬರು ಎಳೆಯ ಮಕ್ಕಳನ್ನು ಬೀದಿನಾಯಿಗಳು ಕೊಂದವು. ಪ್ರಾಣಿಗಳ ಪರವಾಗಿ ಮಾತಾಡುವ ಯಾರೂ ಆ ಎರಡು ಸಾವುಗಳನ್ನು ದಾಟಿಕೊಂಡು ಮಾತಾಡಬಾರದು. ರೇಬೀಸ್ ಲಕ್ಷಣ ಕಾಣಿಸಿಕೊಂಡರೆ ಬದುಕುಳಿಯುವುದು ಇಲ್ಲವೆನ್ನುವಷ್ಟು ಅಪರೂಪ. ಮನುಷ್ಯರಿಗೆ ತಗಲುವ ಪ್ರಕರಣಗಳಲ್ಲಿ ಬಹುತೇಕ ಎಲ್ಲವೂ ನಾಯಿಯಿಂದ ಬಂದವು. ಕಚ್ಚಿಸಿಕೊಳ್ಳುವವರಲ್ಲಿ ಮಕ್ಕಳ ಪಾಲು ದೊಡ್ಡದು. ಮನೆಯಿಂದ ಕಾರಿಗೆ, ಕಾರಿನಿಂದ ಕಚೇರಿಗೆ ಹೋಗುವವರಿಗೆ ಈ ಭಯ ಅರ್ಥವಾಗುವುದಿಲ್ಲ. ಬೆಳಗಿನ ಜಾವ ಕಸ ಗುಡಿಸಲು ಬರುವ ಪೌರಕಾರ್ಮಿಕ ತಾಯಂದಿರಿಗೆ, ಹಾಲು, ಪೇಪರು ಹಾಕುವ ಹುಡುಗರಿಗೆ, ರಾತ್ರಿ ಪಾಳಿ ಮುಗಿಸಿ ನಡೆದು ಬರುವವರಿಗೆ ಅರ್ಥವಾಗುತ್ತದೆ.

ಹಾಗಿದ್ದರೆ ಕೊಂದುಬಿಡಬಹುದಲ್ಲ ಎಂದು ಕೇಳುವವರಿದ್ದಾರೆ. ನಮ್ಮ ನಗರಗಳು ದಶಕಗಳ ಕಾಲ ಅದನ್ನೇ ಮಾಡಿದವು, ನಾಯಿಗಳು ಕಡಿಮೆಯಾಗಲಿಲ್ಲ. ಕಾರಣ ಸರಳ. ಹೆಣ್ಣು ನಾಯಿ ಗಬ್ಬವಾದ ಎರಡು ತಿಂಗಳಿಗೆ ಮರಿ ಹಾಕುತ್ತದೆ, ಒಂದು ಸೂಲಿಗೆ ನಾಲ್ಕಾರು ಮರಿ. ಒಂದು ಬೀದಿಯ ನಾಯಿಗಳನ್ನು ಎತ್ತಿಬಿಟ್ಟರೆ ಅಲ್ಲಿನ ಕಸ, ಮಾಂಸದಂಗಡಿಯ ತ್ಯಾಜ್ಯ ಹಾಗೇ ಉಳಿಯುತ್ತದೆ. ಪಕ್ಕದ ಬೀದಿಯವು ಬಂದು ಆ ಜಾಗ ತುಂಬುತ್ತವೆ. ಹೀಗೆ ಬಂದವುಗಳಿಗೆ ಲಸಿಕೆಯೂ ಆಗಿರುವುದಿಲ್ಲ, ಆ ಬೀದಿಯ ಜನರ ಪರಿಚಯವೂ ಇರುವುದಿಲ್ಲ. ನೆರೆಯ ಚೆನ್ನೈಯಲ್ಲಿ ಬ್ಲೂ ಕ್ರಾಸ್ ಸಂಸ್ಥೆಯ ದೀರ್ಘ ಒತ್ತಾಯದ ಮೇಲೆ 1996ರಲ್ಲಿ ಪಾಲಿಕೆ ಕೊಲ್ಲುವುದನ್ನು ಬಿಟ್ಟು ಸಂತಾನಹರಣ ಚಿಕಿತ್ಸೆಯ ದಾರಿ ಹಿಡಿಯಿತು. 2001ರಲ್ಲಿ ಅದು ದೇಶದ ನಿಯಮವಾಯಿತು, 2023ರಲ್ಲಿ ಪರಿಷ್ಕೃತವಾಯಿತು. ಹಿಡಿಯಬೇಕು, ಶಸ್ತ್ರಚಿಕಿತ್ಸೆ ಮಾಡಬೇಕು, ರೇಬೀಸ್ ಲಸಿಕೆ ಹಾಕಬೇಕು, ಗುರುತಿಗೆ ಕಿವಿಯ ತುದಿ ಕತ್ತರಿಸಬೇಕು, ಹಿಡಿದ ಜಾಗಕ್ಕೇ ಬಿಡಬೇಕು.

ಪಾಲಿಕೆಯ ಗಣತಿಯ ಪ್ರಕಾರ 2019ರಲ್ಲಿ ನಗರದಲ್ಲಿ ಸುಮಾರು 3.10 ಲಕ್ಷ ಬೀದಿನಾಯಿಗಳಿದ್ದವು. 2023ರಲ್ಲಿ ಸುಮಾರು 2.79 ಲಕ್ಷ. ಊರು ಬೆಳೆಯುತ್ತಲೇ ಹೋದರೂ ನಾಯಿಗಳ ಸಂಖ್ಯೆ ಇಳಿದಿದೆ. ಈ ಇಳಿಕೆ ಸಾಲದು, ಎಲ್ಲ ವಲಯಗಳಲ್ಲಿ ಒಂದೇ ಸಮ ಇಲ್ಲ ಎಂಬುದೂ ನಿಜ. ಹೊರವಲಯದ ಹೊಸ ಬಡಾವಣೆಗಳಲ್ಲಿ ಕಟ್ಟಡ ಕಟ್ಟುವವರು ಕಾವಲಿಗೆಂದು ಮರಿ ತಂದು ಸಾಕುತ್ತಾರೆ, ಕೆಲಸ ಮುಗಿದೊಡನೆ ಬಿಟ್ಟು ಹೋಗುತ್ತಾರೆ. ಶಸ್ತ್ರಚಿಕಿತ್ಸೆಯ ಗಾಡಿ ಅಲ್ಲಿಗೆ ತಲುಪುವ ಮುನ್ನ ಎರಡು ಸೂಲು ಆಗಿರುತ್ತದೆ. ಇಲ್ಲಿಯೂ ಮೂಲ ಪ್ರಶ್ನೆ ಅದೇ. ಕಟ್ಟಡದ ಪರವಾನಗಿ ಪಡೆಯುವವರಿಂದ, ನಿವೇಶನದಲ್ಲಿ ಸಾಕಿದ ನಾಯಿಗೆ ಲಸಿಕೆ ಮತ್ತು ಶಸ್ತ್ರಚಿಕಿತ್ಸೆ ಮಾಡಿಸುವ ಹೊಣೆಯನ್ನು ಬರೆಸಿಕೊಳ್ಳಬಾರದೇಕೆ?

2025 ಈ ವಿಷಯದಲ್ಲಿ ಬಿರುಗಾಳಿಯ ವರ್ಷ. ಜುಲೈನಲ್ಲಿ ಪಾಲಿಕೆ ಸುಮಾರು 5,000 ಬೀದಿನಾಯಿಗಳಿಗೆ ದಿನಕ್ಕೊಂದು ಹೊತ್ತು ಕೋಳಿಮಾಂಸದ ಅನ್ನ ಹಾಕುವ ಯೋಜನೆ ಪ್ರಕಟಿಸಿತು. ದೇಶವೆಲ್ಲ ಅದನ್ನು ಗೇಲಿ ಮಾಡಿತು. ದಿನವೂ ಒಂದೇ ಜಾಗದಲ್ಲಿ ಅನ್ನ ತಿನ್ನುವ ನಾಯಿ ಕೈಗೆ ಸಿಗುತ್ತದೆ, ಲಸಿಕೆ ಹಾಕುವುದು ಸುಲಭವಾಗುತ್ತದೆ ಎಂಬುದನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಪಾಲಿಕೆಯೂ ಅದನ್ನು ಜನರಿಗೆ ಅರ್ಥವಾಗುವಂತೆ ಹೇಳಲಿಲ್ಲ. ಆಗಸ್ಟ್ 11ರಂದು ಸುಪ್ರೀಂ ಕೋರ್ಟು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಆಶ್ರಯತಾಣಕ್ಕೆ ಸಾಗಿಸಿ ಎಂದಿತು. 22ರಂದು ಮೂವರು ನ್ಯಾಯಮೂರ್ತಿಗಳ ಪೀಠ ಅದನ್ನು ಮಾರ್ಪಡಿಸಿತು: ರೇಬೀಸ್ ತಗಲಿದ, ಆಕ್ರಮಣಕಾರಿಯಾದ ನಾಯಿಗಳನ್ನು ಬಿಟ್ಟು ಉಳಿದವನ್ನು ಲಸಿಕೆ, ಶಸ್ತ್ರಚಿಕಿತ್ಸೆಯ ನಂತರ ಅದೇ ಜಾಗಕ್ಕೆ ಬಿಡಬೇಕು, ಬೀದಿಬೀದಿಯಲ್ಲಿ ಅನ್ನ ಹಾಕಬಾರದು, ಅದಕ್ಕೆಂದೇ ಗೊತ್ತುಮಾಡಿದ ಜಾಗದಲ್ಲಿ ಹಾಕಬೇಕು. ನವೆಂಬರ್ 7ರ ಆದೇಶದಲ್ಲಿ ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣ, ಕ್ರೀಡಾ ಸಂಕೀರ್ಣಗಳ ಆವರಣದಿಂದ ನಾಯಿಗಳನ್ನು ತೆಗೆದು ಮರಳಿ ಅಲ್ಲಿಗೆ ಬಿಡಬಾರದು ಎಂದಿತು.

ಅನ್ನ ಹಾಕುವ ಜಾಗದ ಮಾತು 2023ರ ನಿಯಮದಲ್ಲೇ ಇದೆ. ಮಕ್ಕಳು ಆಡುವ ಕಡೆ, ಮೆಟ್ಟಿಲು, ಕಟ್ಟಡದ ಬಾಗಿಲು ಇವುಗಳಿಂದ ದೂರದಲ್ಲಿ, ಗೊತ್ತಾದ ಹೊತ್ತಿಗೆ ಹಾಕಬೇಕು. ಸ್ಥಳವನ್ನು ನಿವಾಸಿಗಳ ಸಂಘ ಅಥವಾ ಸ್ಥಳೀಯ ಸಂಸ್ಥೆ ಗೊತ್ತುಮಾಡಬೇಕು. ಅನ್ನ ಹಾಕುವ ಹೆಣ್ಣುಮಕ್ಕಳನ್ನು ಬಯ್ಯುವ, ತಳ್ಳಾಡುವ ದೃಶ್ಯಗಳನ್ನು ನಾವೆಲ್ಲ ನೋಡಿದ್ದೇವೆ. ನಾಯಿಯನ್ನು ಹೆಸರು ಹಿಡಿದು ಕರೆದು ಕೂರಿಸಬಲ್ಲವರು, ಯಾವ ನಾಯಿಗೆ ಕಿವಿ ಕತ್ತರಿಸಿಲ್ಲ ಎಂದು ಥಟ್ಟನೆ ಹೇಳಬಲ್ಲವರು ಅವರೇ. ಅವರನ್ನು ವಾರ್ಡಿನ ಲಸಿಕೆ ಕೆಲಸಕ್ಕೆ ಜೊತೆಗಾರರನ್ನಾಗಿ ಮಾಡಿಕೊಳ್ಳಬೇಕು. ಹಾಗೆಯೇ ಅವರೂ ಒಪ್ಪಿಕೊಳ್ಳಬೇಕಾದದ್ದಿದೆ: ಅನ್ನ ಹಾಕಿ ಎದ್ದುಹೋದರೆ ಸಾಲದು. ಹಾಕಿದವರು ಶಸ್ತ್ರಚಿಕಿತ್ಸೆಗೆ ಹಿಡಿಸಿಕೊಡಲೂ ಮುಂದಾಗಬೇಕು, ಉಳಿದ ಎಂಜಲನ್ನು ಎತ್ತಲೂ ಬೇಕು. ಒಂದು ಪ್ರದೇಶದ ನೂರರಲ್ಲಿ ಎಪ್ಪತ್ತು ನಾಯಿಗಳಿಗೆ ಲಸಿಕೆ ತಪ್ಪದೆ ಹಾಕಿದರೆ ರೇಬೀಸ್ ಹರಡುವ ಸರಣಿ ಕಡಿಯುತ್ತದೆ. 2030ರೊಳಗೆ ನಾಯಿಯಿಂದ ಬರುವ ರೇಬೀಸನ್ನು ನಿರ್ಮೂಲ ಮಾಡುವ ಗುರಿಯನ್ನು ದೇಶ ಇಟ್ಟುಕೊಂಡಿದೆ. ದಿನಗಳು ಹೆಚ್ಚು ಉಳಿದಿಲ್ಲ.

ಮೂರನೆಯದಾಗಿ, ನಗರದ ಉಳಿದ ಪ್ರಾಣಿಗಳು. ನಗರದ ಪ್ರಾಣಿ ಎಂದೊಡನೆ ನಾವು ನಾಯಿಯೊಂದನ್ನೇ ನೆನೆಯುವುದು ನಮ್ಮ ವರ್ಗದ ದೃಷ್ಟಿದೋಷ. ಹೊಟ್ಟೆಪಾಡಿಗೆ ಪ್ರಾಣಿ ಸಾಕುವವರು ಈ ಊರಲ್ಲಿ ಇಂದಿಗೂ ಇದ್ದಾರೆ.

ಬೆಂಗಳೂರು ಒಂದೊಂದೇ ಹಳ್ಳಿಯನ್ನು ಒಳಗೆ ಎಳೆದುಕೊಂಡು ಬೆಳೆಯಿತು. ಹೊಲ ಹೋಯಿತು, ಗೋಮಾಳ ಹೋಯಿತು, ಕೆರೆ ಅಂಗಳ ಹೋಯಿತು, ಹಸು ಉಳಿಯಿತು. ಹೈನು ಮಾಡುವ ಕುಟುಂಬ ಎರಡು ಹಸುಗಳನ್ನು ಮನೆ ಮುಂದಿನ ರಸ್ತೆಗೇ ಗೂಟ ಹೊಡೆದು ಕಟ್ಟುತ್ತದೆ. ಹಿಂಡಿ, ಬೂಸಾದ ಬೆಲೆ ಏರಿದಾಗ ಹಾಲು ಕರೆದ ಮೇಲೆ ಹಗ್ಗ ಬಿಚ್ಚುತ್ತದೆ. ಹಸು ಕಸದ ರಾಶಿಗೆ ಹೋಗಿ ಪ್ಲಾಸ್ಟಿಕ್ ಸಮೇತ ಮೇಯುತ್ತದೆ. ಇಂಥ ಹಸುಗಳ ಹೊಟ್ಟೆ ಕೊಯ್ದು ಮುದ್ದೆಮುದ್ದೆ ಪ್ಲಾಸ್ಟಿಕ್ ತೆಗೆಯುವ ಶಸ್ತ್ರಚಿಕಿತ್ಸೆ ನಮ್ಮ ವೃತ್ತಿಯಲ್ಲಿ ಹೊಸದಲ್ಲ. ಇದಕ್ಕೆ ಕಾನೂನು ಇಲ್ಲವೇ? ಇದೆ. ಒಂದು ಲಕ್ಷಕ್ಕಿಂತ ಹೆಚ್ಚು ಜನಸಂಖ್ಯೆಯ ಊರಿನಲ್ಲಿ ಲಾಭಕ್ಕಾಗಿ ಐದು ಅಥವಾ ಹೆಚ್ಚು ದನಗಳನ್ನು ಸಾಕುವ ಜಾಗವನ್ನು ನೋಂದಾಯಿಸಬೇಕು ಎಂದು 1978ರ ಕೇಂದ್ರ ನಿಯಮ ಹೇಳುತ್ತದೆ. ಗಾಳಿ, ಬೆಳಕು, ಚರಂಡಿಯ ವಿಚಾರವೂ ಅದರಲ್ಲಿದೆ. ಬೀಡಾಡಿ ದನಕ್ಕೆ ಬಂದಿದೊಡ್ಡಿಯ ಕಾನೂನು ಬ್ರಿಟಿಷರ ಕಾಲದಿಂದಲೂ ಇದೆ. ಉತ್ತರ ಕರ್ನಾಟಕದಲ್ಲಿ ಅದನ್ನೇ ಕೊಂಡವಾಡ ಎನ್ನುತ್ತಾರೆ. ಇಲ್ಲದಿರುವುದು ಜಾಗ. ಬಡಾವಣೆಯ ನಕ್ಷೆಯಲ್ಲಿ ಉದ್ಯಾನಕ್ಕೆ, ಶಾಲೆಗೆ, ಅಂಗಡಿಗೆ ನಿವೇಶನ ಬಿಡುವ ನಾವು, ನಮಗಿಂತ ಮೊದಲು ಅಲ್ಲಿದ್ದ ಹೈನುಗಾರರಿಗೆ ಒಂದು ಸಾಮೂಹಿಕ ಕೊಟ್ಟಿಗೆಗೆ ನಾಲ್ಕು ಗುಂಟೆ ಬಿಡುವುದಿಲ್ಲ. ಜಾಗ ಕೊಡದೆ ದಂಡ ಮಾತ್ರ ಹಾಕಿದರೆ ಅದು ನಿಯಮವೆನಿಸುವುದಿಲ್ಲ, ಎತ್ತಂಗಡಿಯಾಗುತ್ತದೆ.

ಹಂದಿಯ ವಿಚಾರದಲ್ಲಿ ಈ ಅನ್ಯಾಯ ಇನ್ನೂ ಢಾಳಾಗಿ ಕಾಣುತ್ತದೆ. ಹಂದಿ ಮಿದುಳುಜ್ವರದ ವೈರಾಣುವನ್ನು ಮೈಯಲ್ಲಿ ಬೆಳೆಸಿ, ಸೊಳ್ಳೆಯ ಮೂಲಕ ಮಕ್ಕಳಿಗೆ ದಾಟಿಸಬಲ್ಲ ಪ್ರಾಣಿ. ಅದು ವಸತಿಯ ನಡುವೆ, ತೆರೆದ ಚರಂಡಿಯಲ್ಲಿ ಇರಕೂಡದು; ಇದರಲ್ಲಿ ರಾಜಿಯಿಲ್ಲ. ಆದರೆ ಹುಬ್ಬಳ್ಳಿ, ಧಾರವಾಡ, ಬೆಂಗಳೂರು, ಎಲ್ಲಿಯೇ ಆಗಲಿ ಹಂದಿ ಹಿಡಿಯುವ ಕಾರ್ಯಾಚರಣೆ ಎಂದರೆ ಅದನ್ನೇ ನಂಬಿದ ಕೊರಮ, ಕೊರಚ ಮುಂತಾದ ಸಮುದಾಯಗಳ ಬದುಕಿನ ಮೇಲೆ ನಡೆಯುವ ಕಾರ್ಯಾಚರಣೆ. ನಾಯಿ ಸಾಕಿದವರೊಂದಿಗೆ ಪಾಲಿಕೆ ಸಭೆ ನಡೆಸುತ್ತದೆ, ಮಾತಾಡುತ್ತದೆ. ಹಂದಿ ಸಾಕಿದವರ ಬಳಿಗೆ ಲಾರಿ ಕಳಿಸುತ್ತದೆ. ಊರ ಹೊರಗೆ ನೀರು, ಷೆಡ್ಡು, ಪಶುವೈದ್ಯರ ಸೌಲಭ್ಯದೊಡನೆ ಜಾಗ ಕೊಟ್ಟು ಸ್ಥಳಾಂತರಿಸುವುದು ಸಾಧ್ಯ. ಅವರನ್ನು ಕೂರಿಸಿ ಕೇಳುವುದರಿಂದ ಅದು ಆರಂಭವಾಗಬೇಕು.

ಗಾಡಿಗೆ ಕಟ್ಟುವ ಪ್ರಾಣಿಗಳಿಗೆ 1965ರ ನಿಯಮವೊಂದಿದೆ. ದಿನಕ್ಕೆ ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು, ಬಿಡುವಿಲ್ಲದೆ ಐದು ಗಂಟೆಗಿಂತ ಹೆಚ್ಚು ನಡೆಸಬಾರದು, ಬಿಸಿಲು 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ ಹನ್ನೆರಡರಿಂದ ಮೂರರವರೆಗೆ ಹೂಡಬಾರದು. ಮೈಸೂರಿನ ಅರಮನೆಯ ಬಳಿ ಟಾಂಗಾ ಹತ್ತುವವರು ಈ ನಿಯಮವನ್ನು ತಿಳಿದಿರಲಿ. ಕುದುರೆಗೆ ನೀರಿನ ತೊಟ್ಟಿ, ನೆರಳಿನ ನಿಲ್ದಾಣ ಒದಗಿಸುವುದು ನಗರದ ಪಾಲು.

ಪಂಜರದ ಗಿಣಿಯ ಬಗ್ಗೆ ಚುಟುಕಾಗಿ ಹೇಳಿ ಮುಂದೆ ಹೋಗುತ್ತೇನೆ. ನಮ್ಮ ಹಸಿರು ಗಿಣಿ, ನಕ್ಷತ್ರ ಆಮೆ ವನ್ಯಜೀವಿಗಳು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಅವನ್ನು ಮನೆಯಲ್ಲಿ ಸಾಕುವುದೇ ಅಪರಾಧ. ಎಷ್ಟೋ ಮನೆಗಳಲ್ಲಿ ಪ್ರೀತಿಯಿಂದಲೇ, ಗೊತ್ತಿಲ್ಲದೆಯೇ ಸಾಕಿರುತ್ತಾರೆ. ಹೊರದೇಶದ ಕೆಲವು ಜಾತಿಯ ಗಿಣಿ, ಆಮೆ, ಹಲ್ಲಿಗಳನ್ನು ಸಾಕುವವರು 2024ರ ನಿಯಮದಂತೆ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು. ನಾಯಿಮರಿ ಕೊಳ್ಳುವವರಿಗೂ ಒಂದು ಮಾತು: ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಿಯಮ ಹೇಳುತ್ತದೆ. ಕಣ್ಣು ತೆರೆದು ನಾಲ್ಕು ದಿನವಾದ ಮರಿಯನ್ನು ಬುಟ್ಟಿಯಲ್ಲಿಟ್ಟು ಮಾರುವವರ ಹತ್ತಿರ ಕೊಂಡರೆ ತಾಯಿಯ ಹಾಲು ಬಿಡಿಸಿದ ಆ ಮರಿ ವಾರದೊಳಗೆ ಭೇದಿಯಿಂದ ನಮ್ಮ ಮೇಜಿನ ಮೇಲೆ ಬಂದು ಮಲಗಿರುತ್ತದೆ.

ಕೊನೆಯದಾಗಿ, ಮುಂದಿನ ಕೆಲಸ. 2025ರ ಸೆಪ್ಟೆಂಬರಿನಲ್ಲಿ ಹಳೆಯ ಮಹಾನಗರ ಪಾಲಿಕೆ ಹೋಗಿ, ಗ್ರೇಟರ್ ಬೆಂಗಳೂರು ಪ್ರಾಧಿಕಾರದ ಅಡಿಯಲ್ಲಿ ಐದು ನಗರ ಪಾಲಿಕೆಗಳು ಬಂದಿವೆ. ರಸ್ತೆಯ ಈ ಬದಿ ಒಂದು ಪಾಲಿಕೆ, ಆ ಬದಿ ಇನ್ನೊಂದು. ಈ ಬದಿಯಲ್ಲಿ ಪರವಾನಗಿ ಬೇಕು, ಆ ಬದಿಯಲ್ಲಿ ಬೇಡ ಎಂದಾದರೆ ನಿಯಮವನ್ನು ಯಾರೂ ಲೆಕ್ಕಿಸುವುದಿಲ್ಲ. ಐದಕ್ಕೂ ಒಂದೇ ಉಪವಿಧಿ, ಒಂದೇ ನೋಂದಣಿ ಪುಸ್ತಕ ಇರಬೇಕು.

ಅದರಲ್ಲಿ ಏನಿರಬೇಕು ಎಂದು ನನ್ನನ್ನು ಕೇಳಿದರೆ, ಮೊದಲ ಸಾಲಿನಲ್ಲೇ ಸಾಕುವವರ ಹೊಣೆ ಬರಲಿ: ಲಸಿಕೆ, ಗುರುತು, ಶಸ್ತ್ರಚಿಕಿತ್ಸೆ, ಓಡಾಟ, ಶುಚಿ, ಸಾಕಲಾಗದಿದ್ದರೆ ಬೀದಿಗೆ ಬಿಡದೆ ಒಪ್ಪಿಸುವ ಕ್ರಮ. ಬೆಕ್ಕೂ ಅದರಲ್ಲಿ ಸೇರಲಿ. ಸಂಖ್ಯೆಯ ಬದಲು ಜಾಗ, ಸದ್ದು, ಶುಚಿತ್ವದ ಅಳತೆ ಇರಲಿ. ದೂರು ಬಂದರೆ ಪಶುವೈದ್ಯರೊಬ್ಬರು ಬಂದು ನೋಡಿ ತೀರ್ಮಾನಿಸಲಿ. ಎರಡನೆಯ ಭಾಗದಲ್ಲಿ ನಗರದ ಹೊಣೆಯನ್ನೂ ಅಷ್ಟೇ ಸ್ಪಷ್ಟವಾಗಿ ಬರೆಯಲಿ. ವಾರ್ಡಿಗೆ ಹತ್ತಿರದಲ್ಲಿ ಕಡಿಮೆ ಖರ್ಚಿನ ಪಶು ಚಿಕಿತ್ಸಾಲಯ, ಬಡವರ ನಾಯಿ ಬೆಕ್ಕುಗಳಿಗೆ ಉಚಿತ ಲಸಿಕೆ, ನಾಯಿ ಬಿಟ್ಟು ಓಡಾಡಿಸಲು ಬೇಲಿ ಹಾಕಿದ ಒಂದು ಮೂಲೆ, ಹೈನುಗಾರರಿಗೆ ಕೊಟ್ಟಿಗೆಯ ಜಾಗ. ಸತ್ತ ಪ್ರಾಣಿಯನ್ನು ಗೌರವದಿಂದ ಸುಡಲು ಸುಮನಹಳ್ಳಿಯಲ್ಲಿರುವಂಥ ವ್ಯವಸ್ಥೆ ಐದೂ ಪಾಲಿಕೆಗಳಲ್ಲಿ ಬರಲಿ. ಬಾಡಿಗೆ ಮನೆಯ ಒಂದು ಕೋಣೆಯಲ್ಲಿ ಇರುವ ಮುದುಕಿಯೂ ತನ್ನ ನಾಡನಾಯಿಗೆ ಪರವಾನಗಿ ಪಡೆಯಲು ಸಾಧ್ಯವಾಗುವಂತೆ ಶುಲ್ಕ ಇರಲಿ, ಅರ್ಜಿ ಕನ್ನಡದಲ್ಲಿ, ಒಂದೇ ಪುಟದಲ್ಲಿ ಇರಲಿ.

ಉಪವಿಧಿಯನ್ನು ಮಾಡುವಾಗ ಕರಡನ್ನು ಪ್ರಕಟಿಸಿ ಸಾರ್ವಜನಿಕರಿಂದ ಆಕ್ಷೇಪಣೆ, ಸಲಹೆ ಕರೆಯುವುದು ಕ್ರಮ. ರಾಜ್ಯಪತ್ರದಲ್ಲಿ ಬಂದ ಆ ಕರಡನ್ನು ಓದುವವರು ಬೆರಳೆಣಿಕೆಯಷ್ಟು. ಗೊತ್ತಾಗುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಈ ಸಂಸ್ಥೆಯಲ್ಲಿ ನನ್ನದೊಂದು ಕೋರಿಕೆ. ಮುಂದೆ ಇಂಥ ಕರಡು ಬಂದಾಗ ಇದೇ ಸಭಾಂಗಣದಲ್ಲಿ ಅದನ್ನು ಓದಿಸಿ. ನಾಯಿ ಸಾಕಿದವರನ್ನು, ನಾಯಿಗೆ ಹೆದರುವವರನ್ನು, ಪೌರಕಾರ್ಮಿಕರನ್ನು, ಹೈನುಗಾರರನ್ನು, ಹಂದಿ ಸಾಕುವವರನ್ನು ಒಟ್ಟಿಗೆ ಕರೆಯಿರಿ. ಅವರು ಹೇಳಿದ್ದನ್ನು ಬರೆದುಕೊಂಡು, ಸಹಿ ಹಾಕಿಸಿ, ಗಡುವಿನೊಳಗೆ ಪಾಲಿಕೆಗೆ ತಲುಪಿಸಿ. ಕರಡಿನ ವೈದ್ಯಕೀಯ ಭಾಗವನ್ನು ವಿವರಿಸುವ ಕೆಲಸಕ್ಕೆ ನಾನು ಬರುತ್ತೇನೆ.